ಸಂತೆಯ ಮಾತಿನ ಬೇರು ಹುಡುಕುತ್ತ...

ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ನಡೆಯುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟರೆ ಒಂದೇ ಮಾತುಕತೆಯಲ್ಲಿ ನಾಲ್ಕು ಭಾಷೆಗಳು ಹಾದುಹೋಗುತ್ತವೆ. ಒಬ್ಬ ರೈತ ‘ಎಷ್ಟಕ್ಕೆ ತಗೊಂತೀರಿ?’ ಎಂದು ಕನ್ನಡದಲ್ಲಿ ಕೇಳಿದರೆ, ಪಕ್ಕದವ ಅದನ್ನೇ ‘ಎಂತಕು ಕೊಂಟಾರು?’ ಎಂದು ತೆಲುಗಿನಲ್ಲಿ ಕೇಳುತ್ತಾನೆ. ದಲ್ಲಾಳಿಯ ಬಾಯಲ್ಲಿ ಉರ್ದು ನುಸುಳುತ್ತದೆ. ತಾಂಡಾದಿಂದ ಬಂದ ಹೆಣ್ಣುಮಕ್ಕಳು ತಮ್ಮೊಳಗೆ ಲಂಬಾಣಿಯಲ್ಲಿ ಲೆಕ್ಕ ಹಾಕಿಕೊಳ್ಳುತ್ತಾರೆ. ಆದರೂ ಯಾರಿಗೂ ಯಾರ ಮಾತೂ ತಡೆಯಾಗುವುದಿಲ್ಲ. ತೂಕ ಆಗುತ್ತದೆ, ದುಡ್ಡು ಕೈ ಬದಲಾಗುತ್ತದೆ.

ಆಂಧ್ರದ ಗಡಿಗೆ ಅಂಟಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದು ದಿನನಿತ್ಯದ ಸಂಗತಿ. ಮ್ಯಾಸನಾಯಕರ ಅನೇಕ ಹಟ್ಟಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ‘ನಮ್ಮ ಹುಡುಗನ ಭಾಷೆ ಕಲಬೆರಕೆ, ಅತ್ತ ಕನ್ನಡವೂ ನೆಟ್ಟಗಿಲ್ಲ, ಇತ್ತ ತೆಲುಗೂ ನೆಟ್ಟಗಿಲ್ಲ’ ಎಂದು ಕೊರಗುವ ತಂದೆತಾಯಿಗಳು ಈ ಕಡೆ ಕಡಿಮೆಯೇನಲ್ಲ. ಆದರೆ ಭಾಷಾಶಾಸ್ತ್ರಜ್ಞನೊಬ್ಬ ನಿಘಂಟುಗಳನ್ನು ಎದುರಿಗಿಟ್ಟುಕೊಂಡು ಕಷ್ಟಪಟ್ಟು ಕಂಡುಕೊಳ್ಳುವ ವಿಷಯ ಇಂಥ ಮನೆಯ ಹುಡುಗನಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ. ಗೊತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರುವುದಿಲ್ಲ. ಸಂತೆಯಲ್ಲಿ ದಿನಕ್ಕೆ ನೂರು ಬಾರಿ ಕೇಳಿಬರುವ ‘ಮಾರು’, ‘ಕೊಳ್ಳು’ ಎಂಬ ಎರಡೇ ಮಾತುಗಳನ್ನು ಹಿಡಿದು ಇದನ್ನು ನೋಡಬಹುದು.

ಮಾರು ಎಂದರೆ ಬದಲಿಸು

ತೆಲುಗಿನಲ್ಲಿ ವಸ್ತುವನ್ನು ಮಾರುವುದಕ್ಕೆ ‘ಅಮ್ಮು’ ಎನ್ನುತ್ತಾರೆ. ‘ಮಾರು’ ಎಂಬ ಮಾತೂ ತೆಲುಗಿನಲ್ಲಿದೆ. ಆದರೆ ಅದರ ಅರ್ಥ ಮಾರಾಟವಲ್ಲ, ಬದಲಾಗು ಎಂದು. ‘ಮಾರ್ಚು’ ಎಂದರೆ ಬದಲಿಸು. ತಮಿಳು, ಮಲಯಾಳಗಳಲ್ಲೂ ಹಾಗೆಯೇ, ಈ ಧಾತುವಿಗೆ ಬದಲಾಗು ಎಂಬುದೇ ಮುಖ್ಯ ಅರ್ಥ. ನೆರೆಯ ಈ ಮೂರು ಭಾಷೆಗಳಲ್ಲಿ ಬದಲಾವಣೆಯಾಗಿ ಉಳಿದದ್ದು ಕನ್ನಡದಲ್ಲಿ ಮಾತ್ರ ಮಾರಾಟ ಹೇಗಾಯಿತು?

ಉತ್ತರ ಕನ್ನಡದೊಳಗೇ ಇದೆ. ‘ಮಾರ್ಪಾಟು’ ಎಂದರೆ ಬದಲಾವಣೆ. ‘ಮಾರುವೇಷ’ ಎಂದರೆ ಬದಲಿಸಿದ ವೇಷ. ‘ಮಾರ್ದನಿ’ ತಿರುಗಿ ಬರುವ ದನಿ, ‘ಮಾರುತ್ತರ’ ತಿರುಗಿ ಕೊಡುವ ಉತ್ತರ, ‘ಮಾರನೆಯ ದಿನ’ ಇವತ್ತಿನದಲ್ಲದ ಇನ್ನೊಂದು ದಿನ. ಅಂದರೆ ಒಂದರ ಎದುರಿಗೆ ಇನ್ನೊಂದು, ಒಂದರ ಜಾಗಕ್ಕೆ ಇನ್ನೊಂದು ಎಂಬುದೇ ಈ ಮಾತಿನ ಮೂಲ ಭಾವ. ನಾಣ್ಯದ ಬಳಕೆ ಹೆಚ್ಚಿಲ್ಲದ ಕಾಲದಲ್ಲಿ ವ್ಯಾಪಾರವೆಂದರೆ ಇದೇ ತಾನೆ? ರಾಗಿ ಕೊಟ್ಟು ಉಪ್ಪು, ಕಾಳು ಕೊಟ್ಟು ಮಡಕೆ. ಮಾರುವುದು ಎಂದರೆ ಅದಲು ಬದಲು ಮಾಡುವುದಾಗಿತ್ತು. ದುಡ್ಡು ಬಂದ ಮೇಲೆ ಬದಲಿಗೆ ಬರುವ ವಸ್ತು ದುಡ್ಡೇ ಆಯಿತು, ಹಳೆಯ ಮಾತಿಗೆ ಹೊಸ ಅರ್ಥ ಗಟ್ಟಿಯಾಯಿತು.

ಹಳೆಯ ಶಾಸನಗಳಲ್ಲಿ ‘ಮಾಱುಗೊಂಡು’ ಎಂಬ ಪ್ರಯೋಗ ಸಿಗುತ್ತದೆ. ಇಂದಿನ ಕಿವಿಗೆ ಅದು ಮಾರಿ ಎಂದು ಕೇಳಿಸಬಹುದು. ಅರ್ಥ ಮಾತ್ರ ‘ಕ್ರಯಕ್ಕೆ ಪಡೆದು’ ಎಂದು: ಬದಲಿ ಕೊಟ್ಟು ತೆಗೆದುಕೊಂಡದ್ದು. ಇಂದಿನ ತೆಲುಗು ಪತ್ರಿಕೆಗಳಲ್ಲಿ ವಿದೇಶಿ ವಿನಿಮಯಕ್ಕೆ ‘ವಿದೇಶೀ ಮಾರಕ ದ್ರವ್ಯಂ’ ಎನ್ನುತ್ತಾರೆ. ಕನ್ನಡ ಮಾತ್ರ ಬಲ್ಲವರು ‘ಮಾರಕ’ ಎಂಬುದನ್ನು ಓದಿ ಗಾಬರಿಯಾದಾರು! ಅಲ್ಲಿರುವುದು ನಮ್ಮ ಮಾರಾಟದ ಅಣ್ಣತಮ್ಮನೇ, ಅದಲು ಬದಲು.

ಈ ಹಳೆಯ ಅರ್ಥದ ಬದುಕು ನಮ್ಮ ಹಳ್ಳಿಗಳಿಂದ ದೂರವಾಗಿ ಬಹಳ ಕಾಲವಾಗಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದ ಆಯಗಾರರಿಗೆ ಕಾಳು ಅಳೆದುಕೊಟ್ಟು ವರ್ಷವಿಡೀ ಅವರಿಂದ ಕೆಲಸ ಪಡೆಯುವ ಪದ್ಧತಿ ಇತ್ತು. ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಂಡು, ಬೀಳುವ ಗೊಬ್ಬರಕ್ಕೆ ಪ್ರತಿಯಾಗಿ ಕುರಿಗಾಹಿಗೆ ಕಾಳು ಕೊಡುತ್ತಿದ್ದರು. ಮದುವೆಯ ಮನೆಯ ಮುಯ್ಯಿ, ಹೊಲದ ಕೆಲಸದ ಮುಯ್ಯಾಳು ಇವೂ ಇದೇ ಜಾತಿಯವು. ಬೆಲೆಯ ಚೀಟಿ ಇಲ್ಲ, ಆದರೆ ತಿರುಗಿ ಕೊಡಲೇಬೇಕೆಂಬ ಲೆಕ್ಕ ಎರಡೂ ಕಡೆಯವರ ನೆನಪಿನಲ್ಲಿ ಇರುತ್ತದೆ.

ಕೊಡುವುದು, ಕೊಳ್ಳುವುದು

ಇನ್ನು ‘ಕೊಳ್ಳು’. ಹಳಗನ್ನಡದ ‘ಕೊಳ್’, ತಮಿಳಿನ ‘ಕೊಳ್’, ತೆಲುಗಿನ ‘ಕೊನು’ ಒಂದೇ ಬೇರಿನವು. ಮೂಲಾರ್ಥ ತೆಗೆದುಕೋ, ಹಿಡಿ ಎಂದು. ದುಡ್ಡು ಕೊಟ್ಟು ತೆಗೆದುಕೊಂಡರೆ ಕೊಳ್ಳುವುದು. ಏನನ್ನೂ ಕೊಡದೆ ಬಲವಂತವಾಗಿ ತೆಗೆದುಕೊಂಡರೆ ಅದು ‘ಕೊಳ್ಳೆ’. ಕೊಳ್ಳುವುದಕ್ಕೂ ಕೊಳ್ಳೆಗೂ ಬೇರು ಒಂದೇ ಎಂಬುದು ಗಿರಾಕಿಗಳಾದ ನಮಗೆ ಆಗಾಗ ಅನುಭವಕ್ಕೆ ಬರುವ ಸಂಗತಿಯೂ ಹೌದು!

ಕ್ರಿಯಾಪದಗಳ ಹಿಂದೆ ಅಂಟಿಕೊಳ್ಳುವ ‘ಕೊಳ್ಳು’ ಕೂಡ ಇದೇ. ಕನ್ನಡದ ‘ಮಾಡಿಕೊಳ್ಳು’, ‘ತಿಳಿದುಕೊಳ್ಳು’ ಎಂಬುವನ್ನು ತೆಲುಗಿನ ‘ಚೇಸುಕೊನು’, ‘ತೆಲುಸುಕೊನು’ ಎಂಬುವುಗಳ ಪಕ್ಕದಲ್ಲಿಟ್ಟು ನೋಡಿ. ಅಚ್ಚು ಒಂದೇ. ಎರಡೂ ಮಾತು ಬಲ್ಲ ಮಗುವಿಗೆ ಇದನ್ನು ಯಾರೂ ವ್ಯಾಕರಣ ಪುಸ್ತಕ ಹಿಡಿದು ಕಲಿಸಿರುವುದಿಲ್ಲ.

ಕೊಳ್ಳುವವನಿಗೆ ಕೊಡುವವನು ಜೋಡಿ. ಅಂಗಡಿಯಲ್ಲಿ ನಾವು ‘ಎಷ್ಟಕ್ಕೆ ಮಾರುತ್ತೀರಿ?’ ಎಂದು ಕೇಳುವುದಕ್ಕಿಂತ ‘ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳುವುದೇ ಹೆಚ್ಚು. ಇಂಗ್ಲಿಷಿನ ‘ಸೆಲ್’ ಎಂಬ ಕ್ರಿಯಾಪದಕ್ಕೂ ಹಿಂದೆ ಕೊಡು ಎಂಬುದೇ ಅರ್ಥವಾಗಿತ್ತು. ಪ್ರಾಚೀನ ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ಕೊಳ್ಳುವುದಕ್ಕಿದ್ದ ‘ಎಮೆರೆ’ ಎಂಬ ಮಾತಿಗೆ ಮೂಲಾರ್ಥ ತೆಗೆದುಕೋ. ಒಬ್ಬರನ್ನೊಬ್ಬರು ಕಂಡರಿಯದ ಜನ ಒಂದೇ ದಾರಿಯಲ್ಲಿ ಯೋಚಿಸಿದ್ದಾರೆ.

ಹೆಂಡದಂಗಡಿಯಿಂದ ಬಂದ ಕ್ರಿಯಾಪದ

ಕನ್ನಡಕ್ಕೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಜರ್ಮನಿಯಲ್ಲಿ. ನಮ್ಮ ‘ಕೊಳ್ಳು’ವಿಗೆ ಅವರ ತಾಯ್ನುಡಿಯಲ್ಲಿ ಹೇಳುವ ಮಾತು ‘ಕೌಫೆನ್’. ಈ ಒಂದು ಮಾತಿನ ಚರಿತ್ರೆ ನಮ್ಮ ಎರಡು ಮಾತುಗಳ ಚರಿತ್ರೆಗೆ ಒಳ್ಳೆಯ ಹೋಲಿಕೆಯಾಗುತ್ತದೆ.

ಜರ್ಮನ್ನಿನ ‘ಕೌಫೆನ್’, ಡಚ್ಚಿನ ‘ಕೋಪೆನ್’, ಐಸ್‌ಲ್ಯಾಂಡಿನ ‘ಕೌಪಾ’ ಇವೆಲ್ಲ ಒಂದೇ ಕುಟುಂಬದ ಮಾತುಗಳು. ಇವುಗಳಿಗೆಲ್ಲ ತಾಯಿಯಾದ ಆದಿ ಜರ್ಮಾನಿಕ್ ಭಾಷೆಯನ್ನು ಯಾರೂ ಬರೆದಿಡಲಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸುವಂತೆ ವಿದ್ವಾಂಸರು ಅದರ ಪದಗಳನ್ನು ಪುನಾರಚಿಸಿದ್ದಾರೆ. ಹಾಗೆ ಪುನಾರಚಿಸಿದ ಪದದ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕುವುದು ವಾಡಿಕೆ. ‘ಇದು ಬರವಣಿಗೆಯಲ್ಲಿ ಸಿಕ್ಕಿದ್ದಲ್ಲ, ಲೆಕ್ಕ ಹಾಕಿ ಪಡೆದದ್ದು’ ಎಂದು ಅದರ ಸೂಚನೆ. ವ್ಯಾಪಾರ ಮಾಡು ಎಂಬರ್ಥದ ಅಂಥ ಪದ ‘*ಕೌಪೋನಂ’. ಬರವಣಿಗೆಯಲ್ಲಿ ಅದರ ಅತಿ ಹಳೆಯ ಸಂಬಂಧಿ ಸಿಗುವುದು ನಾಲ್ಕನೆಯ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಗಾಥಿಕ್ ಭಾಷೆಗೆ ಮಾಡಿದ ಬೈಬಲ್ ಅನುವಾದದಲ್ಲಿ. ಯಜಮಾನನೊಬ್ಬ ಆಳುಗಳ ಕೈಗೆ ಹಣ ಕೊಟ್ಟು ತಾನು ಬರುವತನಕ ವ್ಯಾಪಾರ ಮಾಡಿಕೊಂಡಿರಿ ಎಂದು ಹೇಳಿಹೋಗುವ ಕಥೆಯಲ್ಲಿ ಅದು ಬಂದಿದೆ.

ಕುತೂಹಲದ ವಿಷಯವೆಂದರೆ, ಈ ಪದ ಜರ್ಮಾನಿಕ್ ಜನರ ಸ್ವಂತದ್ದಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಲ್ಯಾಟಿನ್ನಿನಲ್ಲಿ ‘ಕೌಪೋ’ ಎಂದರೆ ದಾರಿಹೋಕರಿಗೆ ಊಟ, ವಸತಿ, ದ್ರಾಕ್ಷಾರಸ ಮಾರುವವನು, ಚಿಲ್ಲರೆ ವ್ಯಾಪಾರಿ. ರೋಮ್ ಸಾಮ್ರಾಜ್ಯದ ಗಡಿ ರೈನ್ ನದಿಯ ದಂಡೆಗೆ ಬಂದಾಗ ಸೈನ್ಯದ ಹಿಂದೆಯೇ ಇಂಥವರೂ ಬಂದರು. ಕ್ರಿ.ಶ. 98ರಲ್ಲಿ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದ ‘ಜರ್ಮಾನಿಯಾ’ ಗ್ರಂಥದಲ್ಲಿ ಆ ಕಾಲದ ಚಿತ್ರವಿದೆ. ಒಳನಾಡಿನ ಜನ ವಸ್ತುವಿಗೆ ವಸ್ತು ಬದಲಿಸಿಕೊಳ್ಳುತ್ತಾರೆ. ಗಡಿಯ ಹತ್ತಿರದವರು ಬೆಳ್ಳಿ ನಾಣ್ಯ ಬಲ್ಲರು, ಅದರಲ್ಲೂ ಹಳೆಯ, ನಂಬಿಕೆಯ ನಾಣ್ಯವೇ ಬೇಕೆನ್ನುತ್ತಾರೆ. ನದಿಯ ದಂಡೆಯವರು ದ್ರಾಕ್ಷಾರಸವನ್ನೂ ಕೊಳ್ಳುತ್ತಾರೆ ಎಂದು ಆತ ಹೇಳುತ್ತಾನೆ. ಹೆಂಡದಂಗಡಿಯವನ ಹೆಸರು ಆ ಜನರ ಬಾಯಲ್ಲಿ ಕ್ರಿಯಾಪದವಾಗಿ, ಇಡೀ ವ್ಯಾಪಾರಕ್ಕೇ ಹೆಸರಾಯಿತು.

ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಓದುವ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಹೆಸರಿಗೆ ‘ವರ್ತಕರ ಬಂದರು’ ಎಂದು ಅರ್ಥ. ಫಿನ್‌ಲ್ಯಾಂಡಿನಲ್ಲಿ ಅಂಗಡಿಗೆ ‘ಕೌಪ್ಪ’ ಎನ್ನುತ್ತಾರೆ. ರಷ್ಯನ್ನರು ಕೊಳ್ಳುವುದಕ್ಕೆ ಬಳಸುವ ‘ಕುಪೀತ್’ ಕೂಡ ಇದೇ ಬಳ್ಳಿಯದು. ಲಂಡನ್ನಿನ ಹಳೆಯ ಪೇಟೆಬೀದಿ ‘ಚೀಪ್‌ಸೈಡ್’. ಅದರ ಅಕ್ಕಪಕ್ಕದಲ್ಲಿ ಹಾಲಿನ ಬೀದಿ, ರೊಟ್ಟಿಯ ಬೀದಿ ಎಂಬರ್ಥದ ಹೆಸರುಗಳಿವೆ, ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳಂತೆ.

ಅದೇ ನಾಣ್ಯ ಚಂದ್ರವಳ್ಳಿಗೂ ಬಂತು

ರೈನ್ ನದಿಯ ದಂಡೆಯಲ್ಲಿ ಈ ವ್ಯಾಪಾರ ನಡೆಯುತ್ತಿದ್ದ ಸುಮಾರಿನಲ್ಲೇ ರೋಮಿನ ಬೆಳ್ಳಿ ನಮ್ಮ ಚಿತ್ರದುರ್ಗದವರೆಗೂ ಬಂದಿತ್ತು. ಕೋಟೆಯ ಬಗಲಲ್ಲಿರುವ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು, ಬಳಿಕ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಅಲ್ಲಿ ದೊರೆತವುಗಳಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ‘ಡಿನೇರಿಯಸ್’ ಎಂಬ ಬೆಳ್ಳಿ ನಾಣ್ಯಗಳೂ ಸೇರಿವೆ. ಅದೇ 1947ರಲ್ಲಿ ವ್ಹೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆತ ನಡೆಸಿದಾಗ, ಪುದುಚೇರಿ ಬಳಿಯ ಅರಿಕಮೇಡು ಬಂದರಿನಲ್ಲಿ ರೋಮನ್ ಸರಕಿನ ಜತೆ ಸಿಕ್ಕಿದ್ದ ಬಗೆಯ ಮಡಕೆ ಚೂರುಗಳು ದೊರೆತವು. ಅಶೋಕನ ಶಾಸನಗಳಿಂದ ಹೆಸರಾದ ಬ್ರಹ್ಮಗಿರಿ ಕರಾವಳಿಯ ವ್ಯಾಪಾರಕ್ಕೂ ದೂರವಾಗಿರಲಿಲ್ಲ.

ರೋಮಿನೊಡನೆ ನಡೆದ ಈ ವ್ಯಾಪಾರ ಭಾರತಕ್ಕೂ ಒಂದು ಪದವನ್ನು ಕೊಟ್ಟಿತು. ಡಿನೇರಿಯಸ್ ಎಂಬ ಹೆಸರೇ ಸಂಸ್ಕೃತದಲ್ಲಿ ‘ದೀನಾರ’ವಾಯಿತು. ಗುಪ್ತರ ಕಾಲದ ಚಿನ್ನದ ನಾಣ್ಯಕ್ಕೂ ಆ ಹೆಸರು ನಡೆಯಿತು. ಆದರೆ ವ್ಯತ್ಯಾಸ ಗಮನಿಸಿ. ಜರ್ಮಾನಿಕ್ ಜನ ರೋಮನ್ನರಿಂದ ವ್ಯಾಪಾರ ಮಾಡು ಎಂಬ ಕ್ರಿಯಾಪದವನ್ನೇ ಪಡೆದರು. ನಮ್ಮವರು ಪಡೆದದ್ದು ನಾಣ್ಯದ ಹೆಸರನ್ನು ಮಾತ್ರ. ಕೊಡು, ಕೊಳ್, ಮಾಱು ಎಂಬ ಮಾತುಗಳು ಇಲ್ಲಿ ಆಗಲೇ ಬೇರೂರಿದ್ದವು.

ಕಿವಿ, ಚೆವಿ ಮತ್ತು ಕೆರೆ

ಇಂಗ್ಲಿಷಿನ ‘ಚೀಪ್’ ಮತ್ತು ಜರ್ಮನ್ನಿನ ‘ಕೌಫೆನ್’ ಒಂದೇ ಬೇರಿನವು ಎಂದರೆ ನಂಬುವುದು ಕಷ್ಟ. ಒಂದರಲ್ಲಿ ‘ಚ’, ಇನ್ನೊಂದರಲ್ಲಿ ‘ಕ’. ಆದರೆ ಚಳ್ಳಕೆರೆಯ ಹುಡುಗನಿಗೆ ಇದು ಕಷ್ಟವಾಗಬಾರದು. ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’. ಕನ್ನಡದ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ಹಳಗನ್ನಡದ ‘ಕೆಯ್’, ಅಂದರೆ ಮಾಡು, ತೆಲುಗಿನಲ್ಲಿ ‘ಚೇಯು’. ಇ, ಎ ಸ್ವರಗಳ ಮುಂದೆ ಕನ್ನಡ ‘ಕ’ವನ್ನು ಉಳಿಸಿಕೊಂಡಿತು, ತೆಲುಗು ಅದನ್ನು ‘ಚ’ ಮಾಡಿತು. ಇಂಗ್ಲಿಷೂ ತೆಲುಗಿನ ದಾರಿಯನ್ನೇ ಹಿಡಿಯಿತು. ಗಲ್ಲದ ಕೆಳಗಿನ ಗದ್ದ ಜರ್ಮನ್ನಿನಲ್ಲಿ ‘ಕಿನ್’, ಇಂಗ್ಲಿಷಿನಲ್ಲಿ ‘ಚಿನ್’. ಗಿಣ್ಣು ಅಲ್ಲಿ ‘ಕೇಸೆ’, ಇಲ್ಲಿ ‘ಚೀಸ್’. ‘ಪ’ ಇದ್ದ ಕಡೆ ಜರ್ಮನ್ನಿನಲ್ಲಿ ‘ಫ’ ಬಂದದ್ದೂ ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದಂತೆಯೇ ಒಂದು ಕ್ರಮ.

ಒಂದೆರಡು ಪದಗಳು ಹೋಲುವುದು ಆಕಸ್ಮಿಕವಿರಬಹುದು. ಆದರೆ ಹತ್ತಾರು ಪದಗಳಲ್ಲಿ ಒಂದೇ ಕ್ರಮದ ವ್ಯತ್ಯಾಸ ಕಂಡರೆ ಅದು ರಕ್ತಸಂಬಂಧ. ಭಾಷಾಶಾಸ್ತ್ರದ ಬುನಾದಿಯೇ ಇದು. 1816ರಲ್ಲಿ ಮದರಾಸಿನ ಅಧಿಕಾರಿ ಎಲ್ಲಿಸ್, 1856ರಲ್ಲಿ ಬಿಷಪ್ ಕಾಲ್ಡ್‌ವೆಲ್ ಇಂಥ ಹೋಲಿಕೆಗಳ ಬಲದಿಂದಲೇ ದಕ್ಷಿಣದ ಭಾಷೆಗಳು ಒಂದು ಪ್ರತ್ಯೇಕ ಕುಟುಂಬವೆಂದು ತೋರಿಸಿಕೊಟ್ಟರು. 1961ರಲ್ಲಿ ಬರೋ ಮತ್ತು ಎಮೆನೋ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ನಮ್ಮ ಸಂತೆಯ ಮಾತುಗಳೆಲ್ಲ ನೆಂಟರಿಷ್ಟರ ಜತೆ ಸಾಲಾಗಿ ಕುಳಿತಿವೆ. ‘ಅಂಗಡಿ’ ನಾಲ್ಕೂ ಭಾಷೆಗಳದ್ದು. ಕನ್ನಡದ ‘ಬೆಲೆ’ಗೆ ತಮಿಳಿನ ‘ವಿಲೈ’, ಮಲಯಾಳದ ‘ವಿಲ’, ತೆಲುಗಿನ ‘ವಿಲುವ’ ಒಡಹುಟ್ಟಿದವು.

ಹೋಲಿಕೆ ಮೋಸ ಮಾಡುವುದೂ ಉಂಟು. ಹೂವಾಡಗಿತ್ತಿ ಮಾರು ಲೆಕ್ಕದಲ್ಲಿ ಹೂವು ಮಾರುತ್ತಾಳೆ. ಎರಡು ತೋಳು ಚಾಚಿದಷ್ಟು ಉದ್ದದ ಈ ‘ಮಾರು’ ಬೇರೆ, ಮಾರಾಟದ ‘ಮಾರು’ ಬೇರೆ. ಹಳಗನ್ನಡದಲ್ಲಿ ಮಾರಾಟದ್ದಕ್ಕೆ ಶಕಟರೇಫವೆಂಬ ‘ಱ’ ಇತ್ತು, ಅಳತೆಯದಕ್ಕೆ ಸಾದಾ ‘ರ’. ಗೌರಸಮುದ್ರದ ಮಾರಮ್ಮನ ಹೆಸರಿನಲ್ಲಿರುವುದೂ ಸಾದಾ ‘ರ’ವೇ. ಹಾಗೆಯೇ ‘ಮಾರುಕಟ್ಟೆ’ ಮತ್ತು ‘ಮಾರ್ಕೆಟ್’ ಕೇಳಲು ಒಂದೇ ಥರ. ಆದರೆ ಮಾರ್ಕೆಟ್ ಲ್ಯಾಟಿನ್ನಿನ ‘ಮೆರ್ಕಾಟುಸ್’ ಸಂತತಿ, ಮಾರುಕಟ್ಟೆಯ ಎರಡು ತುಂಡುಗಳೂ ಅಚ್ಚಗನ್ನಡ.

ಅಗ್ಗವೂ ಗಿರಾಕಿಯೂ

‘ಚೀಪ್’ ಎಂದರೆ ಹಿಂದೆ ವ್ಯಾಪಾರ, ಬೆಲೆ ಎಂದಷ್ಟೇ ಅರ್ಥವಿತ್ತು. ‘ಒಳ್ಳೆಯ ಚೀಪ್’ ಎಂದರೆ ಒಳ್ಳೆಯ ವ್ಯಾಪಾರ. ಬರಬರುತ್ತ ‘ಒಳ್ಳೆಯ’ ಎಂಬುದು ಬಿದ್ದುಹೋಗಿ, ಕಡಿಮೆ ಬೆಲೆಯದ್ದೇ ಚೀಪ್ ಆಯಿತು. ನಮ್ಮ ‘ಅಗ್ಗ’ದ ಕಥೆಯೂ ಇದೇ. ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲಿ ‘ಅರ್ಘ–ಅಗ್ಗ’ ಎಂದು ಬಾಯಿಪಾಠ ಮಾಡಿದವರು ಒಮ್ಮೆ ನಿಂತು ಯೋಚಿಸಬೇಕು. ಅರ್ಘ ಎಂದರೆ ಬೆಲೆ. ಅದರ ತದ್ಭವ ಕಡಿಮೆ ಬೆಲೆಯಾಗಿ ಕುಳಿತಿತು.

ಇಂಗ್ಲಿಷಿನಲ್ಲಿ ವರ್ತಕನಿಗೂ ಕೊಳ್ಳುವವನಿಗೂ ‘ಚ್ಯಾಪ್‌ಮನ್’ ಎನ್ನುತ್ತಿದ್ದರು. ಅದು ‘ಚ್ಯಾಪ್’ ಎಂದು ಮೊಟಕಾಗಿ ಮೊದಲು ಗಿರಾಕಿ, ಆಮೇಲೆ ‘ಯಾರೋ ಒಬ್ಬ ಆಸಾಮಿ’ ಎಂದಾಯಿತು. ಕನ್ನಡದಲ್ಲೂ ‘ಅವನು ಭಾರಿ ಗಿರಾಕಿ ಕಣಯ್ಯ’ ಎಂದಾಗ ನಾವು ಯಾವ ಅಂಗಡಿಯ ಗಿರಾಕಿಯನ್ನು ಕುರಿತು ಹೇಳುತ್ತಿದ್ದೇವೆ?

ಸಾಲ ತಂದ ಮಾತು, ಸ್ವಂತ ಮಾತು

ನಾವೂ ಸಾಲ ಮಾಡಿದ್ದೇವೆ, ಯಥೇಚ್ಛವಾಗಿ. ‘ವ್ಯಾಪಾರ’ ಸಂಸ್ಕೃತದ್ದು. ಅಲ್ಲಿ ಅದಕ್ಕೆ ಕೆಲಸ, ಚಟುವಟಿಕೆ ಎಂಬ ವಿಶಾಲ ಅರ್ಥ. ‘ವ್ಯವಹಾರ’ ಹಳೆಯ ಕನ್ನಡದಲ್ಲಿ ‘ಬೇಹಾರ’ವಾಯಿತು. ಬಣಜಿಗ ಎಂಬುದು ಸಂಸ್ಕೃತದ ‘ವಣಿಜ’ದಿಂದ, ಸೆಟ್ಟಿ ‘ಶ್ರೇಷ್ಠಿ’ಯಿಂದ ಬಂದವು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ತಿರುಗಿದ ಬಂಜಾರರ ಹೆಸರೂ ‘ವಣಿಜ’ದ್ದೇ ಎನ್ನುತ್ತಾರೆ. ಬಜಾರು, ಖರೀದಿ, ರಸೀದಿ ಪಾರ್ಸಿಯವು. ದಲ್ಲಾಳಿ, ಬಾಕಿ, ಹರಾಜು ಅರಬ್ಬಿಯವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ ಮುಕ್ತಿ ಬಾವುಟದ ಹರಾಜು ಕೂಗುವಾಗ, ಸ್ವಾಮಿಯ ತೇರಿನ ಮುಂದೆ ಅರಬ್ಬಿಯ ಒಂದು ಪದ ವರ್ಷವರ್ಷವೂ ಮೊಳಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದಲ್ಲಿ ನೇಕಾರನ ಕೈಗೆ ಬರುವ ‘ಮಜೂರಿ’ ಪಾರ್ಸಿಯ ಕೊಡುಗೆ.

ಗಮನಿಸಿದರೆ ಇವುಗಳಲ್ಲಿ ಬಹುಪಾಲು ನಾಮಪದಗಳು: ಕಸುಬು, ಕಾಗದಪತ್ರ, ಮಧ್ಯವರ್ತಿ, ಲೆಕ್ಕ ಇವುಗಳ ಹೆಸರುಗಳು. ವ್ಯಾಪಾರ ದೊಡ್ಡದಾದಂತೆ ಅವು ಬಂದವು. ಎದುರುಬದುರು ನಿಂತ ಇಬ್ಬರ ನಡುವೆ ನಡೆಯುವ ಕೆಲಸಕ್ಕೆ ಮಾತ್ರ ಇಂದಿಗೂ ಕೊಡು, ಕೊಳ್ಳು, ಮಾರು. ಮಾರು ಎಂಬಲ್ಲಿ ಇನ್ನೊಂದು ನೆನಪೂ ಇದೆ. ಅದಲು ಬದಲಿನಲ್ಲಿ ಇಬ್ಬರೂ ಸಮ, ಇಬ್ಬರ ಕೈಯಲ್ಲೂ ಸರಕು ಇರುತ್ತದೆ, ಇಬ್ಬರೂ ಬೆಲೆ ಹೇಳುತ್ತಾರೆ. ಮಳೆಯನ್ನೇ ನಂಬಿ ಶೇಂಗಾ ಬೆಳೆದು ಪೇಟೆಗೆ ತಂದ ರೈತ ‘ಇವತ್ತು ಎಷ್ಟು ನಡೀತಿದೆ?’ ಎಂದು ಬೇರೆಯವರನ್ನು ಕೇಳಬೇಕಾದಾಗ, ಆ ಮಾತಿನ ಹಳೆಯ ಅರ್ಥದಿಂದ ಅವನು ಎಷ್ಟು ದೂರ ಬಂದಿದ್ದಾನೆಂಬುದೂ ತಿಳಿಯುತ್ತದೆ.

ರಜೆಯಲ್ಲಿ ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳಿಗೆ ಇಲ್ಲೊಂದು ಸುಲಭದ, ಖರ್ಚಿಲ್ಲದ ಕೆಲಸವಿದೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಎಳೆದುಕೊಳ್ಳಿ, ಒಂದು ಕನ್ನಡಕ್ಕೆ, ಇನ್ನೊಂದು ಮನೆಯ ತೆಲುಗಿಗೋ ಉರ್ದುವಿಗೋ ಲಂಬಾಣಿಗೋ. ಅಜ್ಜ, ಅಜ್ಜಿ ಸಂತೆಗೆ ಹೊರಟಾಗ ಜತೆಗೆ ಹೋಗಿ. ಅಳತೆಯ ಮಾತು, ಚೌಕಾಸಿಯ ಮಾತು, ದಿನದ ಮೊದಲ ವ್ಯಾಪಾರದ ‘ಬೋಣಿ’, ಅಳೆದ ಮೇಲೆ ಗಿರಾಕಿ ಕೇಳಿ ಹಾಕಿಸಿಕೊಳ್ಳುವ ‘ಕೊಸರು’ ಇವನ್ನೆಲ್ಲ ಕೇಳಿದ ಹಾಗೆಯೇ ಬರೆದುಕೊಳ್ಳಿ. ಬೋಣಿ, ಕೊಸರು ಎರಡೂ ತೆಲುಗಿನಲ್ಲೂ ಇವೆ ಎಂಬುದು ಮೊದಲ ಪುಟದಲ್ಲೇ ತಿಳಿಯುತ್ತದೆ. ಕಂಬಳಿ, ಕುರಿ, ಸೀರೆ, ಶೇಂಗಾ ಹೀಗೆ ಒಂದೊಂದು ವ್ಯಾಪಾರಕ್ಕೂ ಒಂದೊಂದು ಪುಟ ಇಡಿ. ಯಾವ ಪದ ಎಲ್ಲಿಂದ ಬಂತೆಂದು ಊಹಿಸುವ ಆತುರ ಬೇಡ. ಮೊದಲು ಬರೆದಿಡಿ, ಆಮೇಲೆ ಗ್ರಂಥಾಲಯದಲ್ಲಿ ಕಿಟೆಲ್ ನಿಘಂಟು ತೆರೆದು ನೋಡಿ.

ತಂದೆತಾಯಿಗಳು ಮಾಡಬೇಕಾದದ್ದು ಇನ್ನೂ ಕಡಿಮೆ. ಮಗು ಮನೆಯಲ್ಲಿ ‘ಚೆವಿ’ ಎಂದರೆ ‘ಕಿವಿ ಅನ್ನು’ ಎಂದು ಗದರಬೇಡಿ. ಎರಡನ್ನೂ ಹೇಳಿಸಿ, ಎರಡರಲ್ಲೂ ಕೂಡಿ ಬರುವುದು ಯಾವುದು, ಬೇರೆಯಾದದ್ದು ಯಾವುದು ಎಂದು ಕೇಳಿ. ಅಂಕಣಗಳು ನಿಮ್ಮ ಮನೆಯ ಹೊಸಿಲಲ್ಲೇ ತುಂಬತೊಡಗುತ್ತವೆ.